ಅಜ್ಜಿಯ ಪಕ್ಕದ ಜಾಗ

"ಇದನ್ನ ತೊಳೆದಿದ್ದು ಯಾರು?"

ಗುಂಡಿಯೊಳಗಿನಿಂದ ಬಂದ ಆ ಪ್ರಶ್ನೆಗೆ ಮೇಲೆ ನಿಂತಿದ್ದ ಹತ್ತು ಹದಿನೈದು ಜನ ಒಂದೇ ಸಲ ಕಾಂತೇಶನ ಕಡೆ ತಿರುಗಿದರು. ಊರಿನವರಿಗೆ ಬೇರೆ ಯಾವುದರಲ್ಲಿ ಒಗ್ಗಟ್ಟಿಲ್ಲದಿದ್ದರೂ ಸಿಕ್ಕಿಬಿದ್ದವನನ್ನು ತೋರಿಸಿಕೊಡುವುದರಲ್ಲಿ ಇದ್ದೇ ಇರುತ್ತದೆ.

ಕಾಂತೇಶ ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ. ಕೆಳಗೆ ಒಬ್ಬಳು ಮಂಡಿಯೂರಿ ಕೂತಿದ್ದಳು. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಒಂದರ ಮೇಲೊಂದು ಎರಡು ಜೊತೆ ಗ್ಲೌಸು, ಮೂಗು ಬಾಯಿ ಮುಚ್ಚಿದ ಮಾಸ್ಕು. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣಲ್ಲಿ ಎಷ್ಟು ಸಿಟ್ಟಿತ್ತೆಂದರೆ ಅವನು ಅದನ್ನೇ ನೋಡುತ್ತ ಉತ್ತರ ಕೊಡುವುದನ್ನು ಮರೆತ.

"ನಿಮ್ಮನ್ನೇ ಕೇಳ್ತಿರೋದು."

"ನಾನೇ ಮೇಡಂ ತೊಳೆದಿದ್ದು."

"ಯಾಕೆ?"

"ಅಜ್ಜಿ ಮುಖದ ತುಂಬ ಮಣ್ಣಿತ್ತು."

ಆಕೆ ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದುಕೊಂಡಳು. "ಹಣೆ ಮೇಲೆ ಇದೆಂತದು, ಬಿಳಿದು?"

"ವಿಭೂತಿ."

"ಬರಿಗೈಯಲ್ಲಿ ಹಚ್ಚಿದ್ರಾ?"

"ಮತ್ತೆ ವಿಭೂತಿನ ಗ್ಲೌಸ್ ಹಾಕ್ಕೊಂಡು ಹಚ್ತಾರಾ ಮೇಡಂ?"

ಮೇಲಿದ್ದವರು ನಕ್ಕರು. ಆಕೆ ನಗಲಿಲ್ಲ. ತಲೆಬುರುಡೆಯ ಹಣೆಯ ಮೇಲೆ ನೀಟಾಗಿ ಎಳೆದಿದ್ದ ಮೂರು ಗೆರೆಯನ್ನು ನೋಡುತ್ತ ಕೂತಳು. ಅತ್ತೇಬಿಡುತ್ತಾಳೇನೋ ಅಂತ ಕಾಂತೇಶನಿಗೆ ಮೊದಲ ಸಲ ಹೆದರಿಕೆಯಾಯಿತು.

ನಡೆದಿದ್ದು ಇಷ್ಟು. ಎರಡು ದಿನದ ಹಿಂದೆ ಕಡಹಿನಬೈಲಿನ ಸುಂದರೇಶ್ ಗುಡ್ಡದ ಬುಡದ ತಮ್ಮ ಬೋರೆಯಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದರು. ಜೆಸಿಬಿ ಕಾಂತೇಶನದು, ಓಡಿಸುವವನೂ ಅವನೇ. ನಾಲ್ಕಡಿ ಇಳಿದ ಮೇಲೆ ಬಕೆಟ್ಟಿಗೆ ಕಲ್ಲು ತಾಗಿತು. ಕಲ್ಲು ತಾಗುವುದು ದಿನಾ ಇದ್ದದ್ದೇ. ಆದರೆ ಈ ಕಲ್ಲಿನ ಅಡಿ ಟೊಳ್ಳಿದೆ ಎಂದು ಅವನ ಅಂಗೈಗೆ ಲಿವರಿನಲ್ಲೇ ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ಒಂದು ಗುದ್ದು ಹಾಕಿ ಮುಗಿಸುತ್ತಿದ್ದರು. ಅವನು ಇಂಜಿನ್ ನಿಲ್ಲಿಸಿ, ಇಳಿದು, ಕೈಯಿಂದ ಮಣ್ಣು ಸರಿಸಿದ. ಚಪ್ಪಡಿಯ ಸಂದಿನಿಂದ ಒಂದು ಕಲ್ಲಿನ ಕೋಣೆ ಕಂಡಿತು, ಒಳಗೆ ಮಡಕೆಗಳು, ಮೂಳೆಗಳು, ಅವನನ್ನೇ ನೋಡುತ್ತಿದ್ದ ಒಂದು ಮುಖ.

ಚಿನ್ನ ಇದೆಯಾ ಅಂತ ಇಣುಕಿದವರನ್ನು ಅವನು ಹಿಂದೆ ಕಳಿಸಿದ. ಚಪ್ಪಡಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಚಪ್ಪಲಿ ಬಿಟ್ಟು ಇಳಿದ. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಮೈ ತೊಳೆಸಿ, ವಿಭೂತಿ ಹಚ್ಚಿ, ಕೂರಿಸಿ ಮಣ್ಣಿಗೆ ಒಪ್ಪಿಸುತ್ತಾರೆ. ಅಡ್ಡಬಿದ್ದಿದ್ದ ಈ ಜೀವಕ್ಕೆ ಆ ಮರ್ಯಾದೆಯನ್ನು ಯಾರೂ ಮಾಡಿಲ್ಲ ಅನಿಸಿತು. ಕ್ಯಾಬಿನ್ನಿನಲ್ಲಿದ್ದ ಕ್ಯಾನಿನ ನೀರು ತಂದು ಮುಖ ತೊಳೆದ, ಕಿಸೆಯ ವಿಭೂತಿ ಗಟ್ಟಿ ತೆಗೆದು ಹಚ್ಚಿದ, ಆಮೇಲೆ ತಾಲ್ಲೂಕು ಆಫೀಸಿಗೆ ಫೋನ್ ಮಾಡಿದ. ಅಲ್ಲಿಂದ ಸುದ್ದಿ ಶೃಂಗೇರಿಯ ಅನಂತಮೂರ್ತಿ ಮೇಷ್ಟ್ರಿಗೆ ಮುಟ್ಟಿತು. ಅವರು ರಿಟೈರಾದ ಇತಿಹಾಸದ ಪ್ರೊಫೆಸರ್, ಇಂಥ ಕಲ್ಲುಗೋರಿಗಳನ್ನು ಹುಡುಕುತ್ತ ಅರ್ಧ ಆಯಸ್ಸು ಗುಡ್ಡ ಹತ್ತಿದವರು. ಅವರೇ ಮಣಿಪಾಲದ ಲ್ಯಾಬೊಂದರಿಂದ ಈ ಬಿಳಿ ಸೂಟಿನವಳನ್ನು ಕರೆಸಿದ್ದು. ಹೆಸರು ನಿಶ್ಚಿತಾ.

"ಗಾಬರಿ ಬೇಡ ಮಾರಾಯ್ತಿ," ಎಂದರು ಮೇಷ್ಟ್ರು ಮೇಲಿನಿಂದ. "ಪಾಪದವನು, ಗೊತ್ತಿಲ್ಲದೆ ಮಾಡಿದ್ದಾನೆ."

"ಸರ್, ನಮ್ಮ ಮಲೆನಾಡಿನ ಹುಳಿ ಮಣ್ಣಲ್ಲಿ ಮೂಳೆ ಉಳಿಯೋದೇ ಇಲ್ಲ. ಈ ಕಲ್ಲಿನ ಪೆಟ್ಟಿಗೆ ಬಿಗಿಯಾಗಿ ಮುಚ್ಚಿತ್ತು ಅಂತ ಉಳಿದಿದೆ. ಮೂರು ಸಾವಿರ ವರ್ಷದಲ್ಲಿ ಸಿಕ್ಕ ಒಂದೇ ಒಂದು ಮುಖ. ಅದನ್ನ ಇವರು ಸ್ನಾನ ಮಾಡಿಸಿದ್ದಾರೆ." ಅವಳು ತಿರುಗಿ ಕಾಂತೇಶನನ್ನು ನೋಡಿದಳು. "ಅಜ್ಜಿ ಅಂತ ಹೆಂಗೆ ಗೊತ್ತಾಯ್ತು ನಿಮಗೆ?"

"ಹಲ್ಲು ನೋಡಿ. ಸವೆದು ಚಪ್ಪಟೆಯಾಗಿದೆ. ಗಲ್ಲ ಸಣ್ಣದು. ನಮ್ಮಜ್ಜಿದೂ ಹಿಂಗೇ ಇತ್ತು."

ನಿಶ್ಚಿತಾ ಬುರುಡೆಯ ಕಡೆ ಬಗ್ಗಿದಳು. ತುಂಬಾ ಹೊತ್ತು ಬಗ್ಗಿಯೇ ಇದ್ದಳು. ಮತ್ತೆ ತಲೆಯೆತ್ತಿದಾಗ ಕಣ್ಣಿನ ಸಿಟ್ಟು ಕಾಲು ಭಾಗ ಇಳಿದಿತ್ತು.

"ಸರಿಯಾಗೇ ಹೇಳಿದೀರಿ," ಎಂದಳು.

*

ಮಾರನೇ ದಿನ ಅವಳು ಅವನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದಳು. ಕೈಯಲ್ಲಿ ತುದಿಗೆ ಹತ್ತಿ ಸುತ್ತಿದ ಉದ್ದನೆಯ ಕಡ್ಡಿ.

"ಆ… ಅನ್ನಿ."

"ಎಂತಕ್ಕೆ ಮೇಡಂ?"

"ಅಜ್ಜಿ ಮೇಲೆ ನಿಮ್ಮ ಬೆವರು, ಚರ್ಮ ಎಲ್ಲ ಅಂಟಿದೆ. ಅವರ ಡಿಎನ್ಎ ಓದೋಕೆ ಹೋದ್ರೆ ನಿಮ್ಮದೇ ಎದುರು ಬಂದು ನಿಲ್ತದೆ. ನೀವು ಯಾರು ಅಂತ ಮೊದಲು ನನಗೆ ಪೂರ್ತಿ ಗೊತ್ತಿರಬೇಕು. ಆಮೇಲೆ ನಿಮ್ಮನ್ನ ಕಳೆದುಬಿಡ್ತೀನಿ."

"ಪೂರ್ತಿ ತಿಳ್ಕೊಂಡು ಆಮೇಲೆ ಕಳೆದುಬಿಡ್ತೀರಾ?"

"ಬಾಯಿ ತೆಗೀರಿ."

ಅವನು ಬಾಯಿ ತೆಗೆದ. ಹತ್ತಿ ಅವನ ಕೆನ್ನೆಯ ಒಳಗೆ ನಿಧಾನ ಸುತ್ತಿತು. ಅವಳ ಮುಖ ಒಂದು ಗೇಣು ದೂರದಲ್ಲಿತ್ತು. ಎಡಗಣ್ಣಿನ ಕೆಳಗೆ ಸಾಸಿವೆಯಷ್ಟು ಮಚ್ಚೆ. ರೆಪ್ಪೆಯ ತುದಿಯಲ್ಲಿ ಕೆಂಪು ಮಣ್ಣಿನ ಧೂಳು. ಅವಳು ಸೆಕೆಂಡು ಎಣಿಸುತ್ತಿದ್ದಳು, ತುಟಿ ಮಾಸ್ಕಿನ ಹಿಂದೆ ಅಲುಗುತ್ತಿತ್ತು. ಮೂವತ್ತಕ್ಕೆ ಮುಗಿಯಬಾರದಿತ್ತು ಅಂತ ಕಾಂತೇಶನಿಗೆ ಪ್ರಾಮಾಣಿಕವಾಗಿ ಅನಿಸಿತು.

"ನಿಮ್ಮ ಕಿವಿ ಕೆಂಪಾಗಿದೆ," ಎಂದಳು ಅವಳು, ಕಡ್ಡಿಯನ್ನು ಟ್ಯೂಬಿಗೆ ಹಾಕುತ್ತ.

"ಬಿಸಿಲು ಮೇಡಂ."

"ನೆರಳಲ್ಲಿ ಕೂತಿದೀರಿ."

*

ಗುಡ್ಡದ ಬುಡದಲ್ಲಿ ಇನ್ನೆರಡು ಗೋರಿ, ನೆತ್ತಿಯಲ್ಲಿ ನಾಲ್ಕು ಗೋರಿ ಇರುವುದು ಮೇಷ್ಟ್ರ ಕಣ್ಣಿಗೆ ಬಿತ್ತು. ಪರ್ಮಿಷನ್ ಬಂದ ಮೇಲೆ ಒಂದೊಂದರ ಚಪ್ಪಡಿಯನ್ನೂ ಎತ್ತಬೇಕಾಯಿತು. ಒಂದೊಂದು ಕಲ್ಲು ಎರಡು ಟನ್. ಒಡೆಯಬಾರದು, ಒಳಗೆ ಮಣ್ಣು ಉದುರಬಾರದು.

"ಆಗ್ತದೆ ಸರ್," ಎಂದ ಕಾಂತೇಶ. "ಒಂದು ಲೋಟ ಕೊಡಿ."

ಲೋಟದ ತುಂಬ, ಕಂಠದವರೆಗೆ, ನೀರು ಹಾಕಿ ಅದನ್ನು ಚಪ್ಪಡಿಯ ನಡುವೆ ಇಟ್ಟ. ಬಕೆಟ್ಟಿನ ಹಲ್ಲಿಗೆ ಬೆಲ್ಟು ಸಿಕ್ಕಿಸಿ ಕ್ಯಾಬಿನ್ ಹತ್ತಿದ. ಇದು ಅವನಿಗೆ ಬಾಳೆಹೊನ್ನೂರಿನ ಹಳೇ ಆಪರೇಟರ್ ರಂಗಪ್ಪ ಕಲಿಸಿದ ಕೆಲಸ. ಕಲ್ಲಿನ ಯಾವ ಮೂಲೆ ತಗ್ಗುತ್ತಿದೆ ಅಂತ ಕಣ್ಣಿಗೆ ಕಾಣುವ ಮೊದಲು ನೀರಿಗೆ ಗೊತ್ತಾಗುತ್ತದೆ.

ಹಳದಿ ತೋಳು ಮೆಲ್ಲಗೆ ಮೇಲೆದ್ದಿತು. ಮೂರು ಸಾವಿರ ವರ್ಷದಿಂದ ಕದಲದ ಕಲ್ಲು ನೆಲ ಬಿಟ್ಟಿತು. ಒಂದಡಿ, ಎರಡಡಿ. ನಿಶ್ಚಿತಾ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ನಿಂತಿದ್ದಳು. ನೋಡುವ ಭರದಲ್ಲಿ ಅದು ಅವಳ ನೆನಪಿನಲ್ಲೇ ಇರಲಿಲ್ಲ. ಕಾಂತೇಶನಿಗೆ ಅವಳ ಮುಖ ಪೂರ್ತಿ ಕಂಡಿದ್ದು ಆಗಲೇ. ಮೂಗಿನ ಮೇಲೆ ಮಾಸ್ಕಿನ ಕೆಂಪು ಗೆರೆ, ಅರ್ಧ ತೆರೆದ ಬಾಯಿ, ಜಾತ್ರೆಯಲ್ಲಿ ಮೊದಲ ಸಲ ತೊಟ್ಟಿಲು ನೋಡುವ ಮಗುವಿನ ಕಣ್ಣು.

ಲೋಟದಿಂದ ಒಂದು ಹನಿ ತುಳುಕಿತು.

ಕಲ್ಲನ್ನು ಪಕ್ಕಕ್ಕಿಟ್ಟು ಇಳಿದು ಬಂದ ಮೇಲೆ ಅವಳು ಕೇಳಿದಳು. "ಆ ಒಂದು ಹನಿ ಯಾಕೆ ಚೆಲ್ಲಿತು?"

"ಅದು ನನ್ನಿಂದಲ್ಲ ಮೇಡಂ."

"ಮತ್ತೆ?"

"ಮಾಸ್ಕ್ ಹಾಕ್ಕೊಳಿ. ಇನ್ನೂ ಐದು ಕಲ್ಲಿದೆ."

ಗೋರಿಗಳನ್ನು ತೆರೆದ ಆ ಮೂರು ವಾರದಲ್ಲಿ ಅವನು ಅವಳ ಕೆಲಸವನ್ನು ನೋಡುತ್ತಲೇ ಇದ್ದ. ದಂತ ವೈದ್ಯರ ಸೂಜಿಯಂಥದ್ದೊಂದು ಹಿಡಿದು ಒಂದು ಮೂಳೆಯ ಸುತ್ತ ಇಡೀ ದಿನ ಮಣ್ಣು ಬಿಡಿಸುವಳು. ಬೆನ್ನು ನೋಯುತ್ತದೆ ಅಂತ ಎದ್ದರೂ ಕಣ್ಣು ಅಲ್ಲೇ. ತಾನು ಟನ್ನುಗಟ್ಟಲೆ ಎತ್ತುವವನು, ಇವಳು ಚಿಟಿಕೆಗಟ್ಟಲೆ ಎತ್ತುವವಳು. ಇಬ್ಬರದೂ ಒಂದೇ ಕಸುಬು ಅಂತ ಅವನಿಗೆ ಅನಿಸತೊಡಗಿತು. ಇಷ್ಟು ಹೆಮ್ಮೆಯಿಂದ ಅವನು ಇನ್ನೊಬ್ಬರ ಕೆಲಸವನ್ನು ನೋಡಿದ್ದೇ ಇಲ್ಲ.

"ಇಷ್ಟೆಲ್ಲ ಮಾಡಿ ಎಂತ ಗೊತ್ತಾಗ್ತದೆ?" ಎಂದು ಕೇಳಿದ ಒಂದು ಮಧ್ಯಾಹ್ನ, ಅವಳ ಬುತ್ತಿಯ ಚಿತ್ರಾನ್ನದಲ್ಲಿ ಪಾಲು ತಿನ್ನುತ್ತ.

"ಯಾರು ಯಾರ ಮಗಳು ಅಂತ. ಯಾರು ಹುಟ್ಟಿದಲ್ಲೇ ಸತ್ತರು, ಯಾರು ಎಲ್ಲಿಂದಲೋ ಬಂದು ಇಲ್ಲಿಯವರಾದರು ಅಂತ. ಮದುವೆಯಾದ್ರೆ ಹೆಣ್ಣು ಊರು ಬಿಡ್ತಿದ್ದಳಾ, ಗಂಡಾ? ಮನೆ ಯಾರದು? ಆಗ ಬರೆದಿಡೋರು ಯಾರೂ ಇರ್ಲಿಲ್ಲ ಕಾಂತೇಶ್. ಮೂಳೆಯೊಳಗೆ ಮಾತ್ರ ಉಳಿದಿದೆ."

"ಹಲ್ಲಲ್ಲಾ?"

"ಹಲ್ಲಲ್ಲಿ, ಅದಕ್ಕಿಂತ ಚೆನ್ನಾಗಿ ಕಿವಿಯ ಹಿಂದೆ ಒಳಗಡೆ ಇರೋ ಗಟ್ಟಿ ಮೂಳೇಲಿ." ತೋರಿಸಲು ಬೆರಳು ಎತ್ತಿದವಳು ಅವನ ಕಿವಿಯ ಹತ್ತಿರ ಬಂದು ತಡೆದಳು. ಆಮೇಲೆ ತನ್ನ ಕಿವಿಯನ್ನೇ ಮುಟ್ಟಿ ತೋರಿಸಿದಳು.

"ಅಜ್ಜಿದು ಓದೋಕಾಗ್ತದಾ?" ಅವನ ದನಿ ಸಣ್ಣದಾಯಿತು. "ನಾನು ಹಾಳು ಮಾಡಿದ್ನಾ?"

"ಗೊತ್ತಿಲ್ಲ. ಎಂಟೊಂಬತ್ತು ತಿಂಗಳು ಕಾಯಬೇಕು."

*

ಕಾಯುವುದೂ ಒಂದು ಸುಖವೇ, ಜೊತೆಗೆ ಕಾಯುವವರು ಇದ್ದರೆ.

ನಿಶ್ಚಿತಾ ಕೊಪ್ಪದವಳು. ಸೋಮವಾರ ಬೆಳಿಗ್ಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದರೆ ಶುಕ್ರವಾರ ಸಂಜೆ ವಾಪಸ್ಸು. ಶುಕ್ರವಾರ ಕಾಂತೇಶನಿಗೆ ಕೊಪ್ಪದಲ್ಲಿ ಏನಾದರೊಂದು ಕೆಲಸ ಬಂದೇ ಬರುತ್ತಿತ್ತು. ಒಮ್ಮೆ ಹೈಡ್ರಾಲಿಕ್ ಆಯಿಲ್, ಒಮ್ಮೆ ಗ್ರೀಸು, ಒಮ್ಮೆ ಬರೀ ಒಂದು ನಟ್ಟು.

"ನಿಮ್ಮ ಜೆಸಿಬಿ ವಾರಕ್ಕೊಂದು ನಟ್ಟು ನುಂಗ್ತದಾ?" ಎಂದಳು ಬಸ್ಸಿನಿಂದ ಇಳಿಯುತ್ತ.

"ಹಳೇ ಗಾಡಿ, ಹಸಿವು ಜಾಸ್ತಿ."

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಅಮ್ಮ ಸುಮಿತ್ರಮ್ಮನ ಟೈಲರ್ ಅಂಗಡಿ. ಗಂಡ ತೀರಿಕೊಂಡಾಗ ಮಗಳಿಗೆ ನಾಲ್ಕು ವರ್ಷ. ಬ್ಲೌಸು ಹೊಲಿದು ಮಗಳನ್ನು ಪಿಎಚ್‌ಡಿಯವರೆಗೆ ಓದಿಸಿ, ಅಂಗಡಿಯ ಹಿಂದೆ ಎರಡು ಕೋಣೆಯ ಮನೆ ಕಟ್ಟಿದ ಹೆಂಗಸು. ಕಾಂತೇಶನನ್ನು ಮೊದಲ ಸಲ ನೋಡಿದಾಗ ಕನ್ನಡಕ ಮೂಗಿನ ತುದಿಗೆ ಜಾರಿಸಿ ಅಳತೆ ತೆಗೆಯುವ ಹಾಗೆ ನೋಡಿದರು.

"ವಿಭೂತಿ ಹಚ್ಚಿದವನು ನೀನೇನಪ್ಪ?"

"ಹೌದಮ್ಮ."

"ಒಳ್ಳೇ ಕೆಲಸ ಮಾಡಿದೆ. ಇವಳ ಮಾತು ಬಿಡು, ಒಳಗೆ ಬಾ."

ಮೇ ತಿಂಗಳ ಒಂದು ಭಾನುವಾರ ಇಬ್ಬರೂ ಹರಿಹರಪುರದಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತಿದ್ದರು. ನೀರು ಇಳಿದು ಬಂಡೆಗಳೆಲ್ಲ ಮೇಲೆದ್ದಿದ್ದವು. ಮೀನುಗಳು ಅವಳ ಪಾದದ ಹತ್ತಿರ ಬಂದು ಹೋಗುತ್ತಿದ್ದವು. ಅವನಿಗೆ ಆ ಮೀನುಗಳ ಮೇಲೆ ಹೊಟ್ಟೆಕಿಚ್ಚಾಯಿತು.

"ಕಾಂತೇಶ್, ನನಗೆ ನೀವು ಇಷ್ಟ," ಎಂದಳು ನಿಶ್ಚಿತಾ. ಲ್ಯಾಬಿನ ರಿಸಲ್ಟ್ ಓದಿದಷ್ಟು ನೇರ. "ನಿಮಗೂ ಇಷ್ಟ ಅಂತ ನಿಮ್ಮ ನಟ್ಟು ಬೋಲ್ಟು ಹೇಳ್ತಿದಾವೆ. ಅದಕ್ಕೇ ಒಂದು ವಿಷಯ ಈಗಲೇ ಹೇಳಿಬಿಡ್ತೀನಿ. ನಾನು ಅಮ್ಮನ ಬಿಟ್ಟು ಹೋಗಲ್ಲ. ಅವಳ ಅಂಗಡಿ, ಅವಳ ಮನೆ, ಎಲ್ಲ ಅವಳೇ ಕಟ್ಟಿದ್ದು. ಅವಳನ್ನ ಕಿತ್ತು ತಂದು ಇನ್ನೊಬ್ಬರ ಮನೆಯ ಮೂಲೇಲಿ ಕೂರಿಸಲ್ಲ. ನನ್ನ ಮದುವೆಯಾಗೋನು ಕೊಪ್ಪಕ್ಕೆ, ನಮ್ಮನೆಗೆ ಬರಬೇಕು."

ಎದೆಯಲ್ಲಿ ಹಬ್ಬ ಶುರುವಾಗಿದ್ದವನಿಗೆ ಕೊನೆಯ ಮಾತಿಗೆ ಎಲ್ಲ ನಿಂತುಹೋಯಿತು.

"ಮನೆ ಅಳಿಯ," ಎಂದ.

"ಹೆಸರು ಏನಾದ್ರೂ ಇರಲಿ."

"ಹೆಸರು ಸಣ್ಣದಲ್ಲ ನಿಶ್ಚಿತಾ. ನಮ್ಮಪ್ಪ ಮನೆ ಅಳಿಯ."

ಅವನು ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ. ಅಪ್ಪ ಶಿವಶಂಕರಪ್ಪ ಇದೇ ಹರಿಹರಪುರದವರು. ಮದುವೆಯಾಗಿ ಕಡಹಿನಬೈಲಿಗೆ ಅಮ್ಮನ ತವರಿಗೇ ಬಂದು ಮೂವತ್ತಾರು ವರ್ಷ. ಆ ಮನೆಯ ಗದ್ದೆಗೆ ದುಡಿದರು, ಮಾವನನ್ನು ಕೊನೆಯ ತನಕ ನೋಡಿಕೊಂಡರು. ಊರಿಗೆ ಮಾತ್ರ ಇವತ್ತಿಗೂ 'ಹೊರಗಿನವರು'. ಪಂಚಾಯ್ತಿಕೆಗೆ ಕೂತರೆ ಅವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಹೋದ ವರ್ಷ ತಾತನ ಸಮಾಧಿ ಮಾಡುವಾಗ ಪಕ್ಕದ ಜಾಗ ಖಾಲಿ ಇತ್ತು. ಸೋದರಮಾವ ರಾಜಶೇಖರ್ ಹತ್ತು ಜನರ ಎದುರು ಅಂದಿದ್ದ: ಇದು ನಮ್ಮನೆಯವರ ಜಾಗ, ಭಾವನಿಗೆ ಅವರ ಊರಲ್ಲಿ ಜಾಗ ಇದೆಯಲ್ಲ.

"ಅಪ್ಪ ಏನೂ ಮಾತಾಡ್ಲಿಲ್ಲ. ಗುದ್ದಲಿ ಹಿಡಿದು ಮಣ್ಣು ಎಳೀತಾನೇ ಇದ್ರು. ಅವತ್ತು ನಾನು ತೀರ್ಮಾನ ಮಾಡಿದೆ. ಸತ್ತರೂ ಇನ್ನೊಬ್ಬರ ಮನೆಗೆ ಅಳಿಯನಾಗಿ ಹೋಗಲ್ಲ ಅಂತ."

ನಿಶ್ಚಿತಾ ಸಮಾಧಾನದ ಮಾತು ಹೇಳಲಿಲ್ಲ, ಬೇಜಾರೂ ತೋರಿಸಲಿಲ್ಲ. ಅವಳ ಈ ಗುಣವೇ ಅವನಿಗೆ ತುಂಬ ಇಷ್ಟವಾಗುತ್ತಿತ್ತು, ಅವತ್ತು ಅದೇ ನೋಯಿಸಿತು.

"ಯೋಚನೆ ಮಾಡಿ," ಎಂದಳು ಏಳುತ್ತ. "ನನ್ನ ರಿಪೋರ್ಟ್ ಬರೋದ್ರೊಳಗೆ ನಿಮ್ಮ ರಿಪೋರ್ಟೂ ಬರಲಿ."

ಮುಂದಿನ ಶುಕ್ರವಾರ ಕಾಂತೇಶನ ಜೆಸಿಬಿಗೆ ನಟ್ಟು ಬೇಕಾಗಲಿಲ್ಲ. ಅದರ ಮುಂದಿನ ಶುಕ್ರವಾರವೂ.

*

ಕಾರ್ತಿಕದಲ್ಲಿ ರಿಪೋರ್ಟ್ ಬಂತು.

ಊರಿನವರಿಗೆ ಮೊದಲು ಹೇಳಬೇಕು ಎಂದು ಮೇಷ್ಟ್ರು ಹಟ ಹಿಡಿದರು. ಶಾಲೆಯ ಜಗಲಿಯಲ್ಲಿ ಜಮಖಾನ ಹಾಸಿದರು. ಕಾಂತೇಶ ಕಂಬಕ್ಕೆ ಒರಗಿ ಹಿಂದೆ ನಿಂತ. ಅಪ್ಪ ಎಂದಿನಂತೆ ಕೊನೆಯ ಸಾಲಿನ ಕೊನೆಯಲ್ಲಿ ಕೂತಿದ್ದರು. ಅಮ್ಮ ಸರ್ವಮಂಗಳಮ್ಮ ಹೆಂಗಸರ ಕಡೆ, ರಾಜಶೇಖರ್ ಮಾವ ಮುಂದಿನ ಕುರ್ಚಿಯಲ್ಲಿ.

ಆರು ತಿಂಗಳ ಮೇಲೆ ಅವಳನ್ನು ನೋಡುತ್ತಿದ್ದ. ಹಸಿರು ಕಾಟನ್ ಸೀರೆ. ಸ್ವಲ್ಪ ಇಳಿದುಹೋಗಿದ್ದಳು. ಅವಳ ಕಣ್ಣು ಜನರ ಮೇಲೆಲ್ಲ ಹಾದು ಕಂಬದ ಹತ್ತಿರ ಒಂದು ಕ್ಷಣ ನಿಂತು ಮುಂದೆ ಹೋಯಿತು. ಆ ಒಂದು ಕ್ಷಣಕ್ಕೆ ಅವನಿಗೆ ಆರು ತಿಂಗಳ ಸುಳ್ಳು ಧೈರ್ಯವೆಲ್ಲ ಕರಗಿತು.

"ಮೊದಲು ಅಜ್ಜಿ ವಿಷಯ," ಎಂದಳು. "ಅಜ್ಜಿ ಮುಂದಿನ ಹಲ್ಲಿನ ಸ್ಯಾಂಪಲ್ಲಿನಲ್ಲಿ ಸಿಕ್ಕಿದ್ದೆಲ್ಲ ಕಾಂತೇಶ್ ಅವರದೇ." ಜನ ನಕ್ಕರು. "ಆದ್ರೆ ಕಿವಿಯ ಮೂಳೆಗೆ ಅವರ ಕೈ ಮುಟ್ಟಿರಲಿಲ್ಲ. ಅಲ್ಲಿ ಅಜ್ಜಿ ಹಾಗೇ ಇದ್ದರು."

ಕಾಂತೇಶ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ. ಒಂಬತ್ತು ತಿಂಗಳಿಂದ ಹೊತ್ತಿದ್ದ ಭಾರ ಇಳಿದು ಕಣ್ಣು ತುಂಬಿತು.

ಅವಳು ಬೋರ್ಡಿನ ಮೇಲೆ ಗುಡ್ಡ ಬರೆದಳು. ಕೆಳಗಿನ ಗೋರಿಗಳು ಹಳೆಯವು, ಮೇಲಿನವು ಅದಕ್ಕಿಂತ ಮುನ್ನೂರು ವರ್ಷ ಈಚಿನವು. ಕೆಳಗೆ, ಅಜ್ಜಿಯ ಕೋಣೆಯಲ್ಲಿ ಅಜ್ಜಿ, ಅವಳ ಮಗಳು, ಮಗಳ ಇಬ್ಬರು ಹೆಣ್ಣುಮಕ್ಕಳು. ಪಕ್ಕದ ಎರಡು ಗೋರಿಯಲ್ಲಿ ಅಜ್ಜಿಯ ತಂಗಿಯರ ಸಂತಾನ. ಎಲ್ಲ ತಾಯಿಯಿಂದ ಮಗಳಿಗೆ ಹರಿದ ಬಳ್ಳಿ. ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲೇ ಬಾಳಿ ಅಲ್ಲೇ ಮಣ್ಣಾಗಿದ್ದರು.

"ಮೇಲೆ ನೋಡಿದ್ರೆ ಪೂರ್ತಿ ಉಲ್ಟಾ. ತಾತ, ಅಪ್ಪ, ಮಗ, ಮೊಮ್ಮಗ ಒಂದೇ ರಕ್ತ. ಹೆಂಗಸರೆಲ್ಲ ಬೇರೆ ಕಡೆಯಿಂದ ಬಂದವರು. ಮುನ್ನೂರು ವರ್ಷದಲ್ಲಿ ಮನೆ ಹೆಣ್ಣಿನ ಕೈಯಿಂದ ಗಂಡಿನ ಕೈಗೆ ಹೋಗಿದೆ."

"ಯಾಕೆ ಹಂಗಾಯ್ತು?" ಎಂದರು ಸುಂದರೇಶ್.

"ಮೇಲಿನ ಗೋರಿಯಲ್ಲಿ ಕಬ್ಬಿಣ ಜಾಸ್ತಿ ಇದೆ, ಕೆಳಗೆ ಇಲ್ಲವೇ ಇಲ್ಲ ಅನ್ನಬಹುದು. ಅದೇ ಕಾರಣವಾ ಅಂತ ಡಿಎನ್ಎ ಹೇಳಲ್ಲ. ಯಾರು ಅಂತ ಹೇಳ್ತದೆ, ಯಾಕೆ ಅಂತ ಹೇಳಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಹೇಳ್ತೀನಿ. ಆದ್ರೆ ಒಂದು ಮಾತ್ರ ಖಂಡಿತ. ಈಗಿರೋ ಪದ್ಧತಿ ಭೂಮಿ ಹುಟ್ಟಿದಾಗಿಂದ ಇತ್ತು ಅಂತ ಯಾರೂ ಅನ್ನೋ ಹಾಗಿಲ್ಲ. ಈ ಒಂದೇ ಗುಡ್ಡದಲ್ಲಿ ಎರಡೂ ಇದೆ."

ಆಮೇಲೆ ಅವಳು ಬೋರ್ಡಿನ ಮೇಲೆ ಅಜ್ಜಿಯ ಕೋಣೆಯಲ್ಲಿ ಇನ್ನೊಂದು ಗುರುತು ಹಾಕಿದಳು. "ಇಲ್ಲಿ ಒಬ್ಬ ಗಂಡಸಿದ್ದಾನೆ. ಅಜ್ಜಿಗೆ ರಕ್ತಸಂಬಂಧ ಇಲ್ಲ. ಆ ಇಬ್ಬರು ಹೆಣ್ಣುಮಕ್ಕಳ ಅಪ್ಪ. ಚಿಕ್ಕಂದಿನಲ್ಲಿ ಕುಡಿದ ನೀರಿನ ಗುರುತು ಹಲ್ಲಲ್ಲಿ ಉಳೀತದೆ. ಇವನು ಈ ಊರಿನ ನೀರು ಕುಡಿದು ಬೆಳೆದವನಲ್ಲ. ಮದುವೆಯಾಗಿ ಬಂದವನು."

"ಅಂದ್ರೆ ಮನೆ ಅಳಿಯ," ಎಂದ ರಾಜಶೇಖರ್, ಸಣ್ಣಗೆ ನಕ್ಕು.

ಜಗಲಿಯ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು. ಮೂವತ್ತಾರು ವರ್ಷದಲ್ಲಿ ಆ ಊರಿನ ಸಭೆಯಲ್ಲಿ ಬಾಯಿ ತೆಗೆಯದ ಶಿವಶಂಕರಪ್ಪ ಎದ್ದು ನಿಂತಿದ್ದರು. ಕೈಯಲ್ಲಿ ಟವೆಲು ಮುದ್ದೆಯಾಗಿತ್ತು.

"ಒಂದು ಕೇಳ್ಬಹುದಾ ತಾಯಿ? ಆ ಹೊರಗಿನಿಂದ ಬಂದವನನ್ನ... ಎಲ್ಲಿ ಮಲಗಿಸಿದ್ರು?"

ನಿಶ್ಚಿತಾ ಅವರನ್ನು ನೋಡಿದಳು. ಅವರು ಯಾರೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ದನಿ ಮೆತ್ತಗಾಯಿತು.

"ಅಜ್ಜಿಯ ಪಕ್ಕದಲ್ಲೇ. ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ಅವನ ಹೆಂಡತಿ. ಆ ಕೋಣೇಲಿ ಸಿಕ್ಕ ಒಳ್ಳೇ ಮಣಿಸರ ಇದ್ದದ್ದು ಅವನ ಕೊರಳಲ್ಲಿ. ತೊಡೆ ಮೂಳೆ ಒಮ್ಮೆ ಮುರಿದು ಕೂಡಿದೆ. ಕುಂಟುತ್ತ ಹದಿನೈದು ವರ್ಷ ಬದುಕಿದ್ದಾನೆ, ಅಂದ್ರೆ ಮನೆಯವರು ನೋಡ್ಕೊಂಡಿದ್ದಾರೆ. ಅವನು ಹೊರಗಿನವನು ಅಂತ ನಮ್ಮ ಮಷೀನು ಹೇಳಿತು. ಗೋರಿ ಕಟ್ಟಿದವರು ಹಾಗೆ ಅಂದುಕೊಂಡಿರಲಿಲ್ಲ."

ಶಿವಶಂಕರಪ್ಪ "ಸರಿ ತಾಯಿ" ಎಂದು ಕೂರಲು ಹೋದರು.

"ಕೂರಬೇಡಿ, ನಿಂತ್ಕೊಳಿ," ಎಂದು ಹೆಂಗಸರ ಕಡೆಯಿಂದ ದನಿ ಬಂತು. ಕಾಂತೇಶನ ಅಮ್ಮ ಎದ್ದಿದ್ದಳು. "ರಾಜ, ಅವತ್ತು ಅಪ್ಪನ ಸಮಾಧಿ ಹತ್ತಿರ ನೀನು ಅಂದಿದ್ದಕ್ಕೆ ನಾನು ಬಾಯಿ ಮುಚ್ಕೊಂಡಿದ್ದೆ. ತಪ್ಪು ನನ್ನದು. ಈಗ ಹೇಳ್ತೀನಿ ಕೇಳು. ಅಪ್ಪನ ಪಕ್ಕದ ಜಾಗ ಇವರದು. ಅದರ ಪಕ್ಕ ನಂದು. ಇವರಿಗೆ ಅಲ್ಲಿ ಜಾಗ ಇಲ್ಲ ಅಂದ್ರೆ ನನಗೂ ಬೇಡ, ನಾನೂ ಹರಿಹರಪುರಕ್ಕೇ ಹೋಗ್ತೀನಿ."

ರಾಜಶೇಖರ್ ತಲೆ ತಗ್ಗಿಸಿದ. ಜನ ಕಾಯುತ್ತಿದ್ದರು. "ಆಯ್ತು ಅಕ್ಕ," ಎಂದ ಕೊನೆಗೆ. "ನಾನು ಅಂದಿದ್ದು ತಪ್ಪಾಯ್ತು. ಭಾವ, ಮುಂದೆ ಬನ್ನಿ, ಇಲ್ಲಿ ಕೂತ್ಕೊಳಿ."

ಶಿವಶಂಕರಪ್ಪ ಮುಂದೆ ಬರಲಿಲ್ಲ. ಹೆಂಡತಿಯನ್ನು ನೋಡುತ್ತ ನಿಂತುಬಿಟ್ಟಿದ್ದರು. ಅಪ್ಪನ ಮುಖದಲ್ಲಿ ಅಷ್ಟು ಹುಡುಗುತನವನ್ನು ಕಾಂತೇಶ ಯಾವತ್ತೂ ಕಂಡಿರಲಿಲ್ಲ.

ಮನೆಗೆ ನಡೆಯುವ ದಾರಿಯಲ್ಲಿ ಅವನು ಕೇಳಿದ. "ಅಪ್ಪ, ಮೂವತ್ತಾರು ವರ್ಷ ಹೆಂಗೆ ಸಹಿಸಿದ್ರಿ?"

"ಎಂತ ಸಹಿಸೋದು ಮಾರಾಯ?"

"ಈ ಊರಿನ ಮಾತು. ಆ ಬೇಜಾರು."

ಶಿವಶಂಕರಪ್ಪ ನಿಂತರು. "ಬೇಜಾರಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮಮ್ಮನ ಜೊತೆ ಇರೋಕೆ ಬಂದವನು ನಾನು. ಇದ್ದೆ. ಬಂದ ಕೆಲಸ ಆಗಿದೆಯಲ್ಲ? ಒಂದು ದಿನಾನೂ ಯಾಕಾದ್ರೂ ಬಂದೆನೋ ಅಂತ ಅನಿಸಿಲ್ಲ ಕಣೋ. ನೀನೇ ಒಂದು ಸಲ ಕೇಳಿದ್ರೆ ಹೇಳ್ತಿದ್ದೆ."

ಅಪ್ಪನ ಮೌನಕ್ಕೆ ತಾನೇ ಒಂದು ಅರ್ಥ ಕೊಟ್ಟುಕೊಂಡು, ಅದರ ಮೇಲೆ ಆಣೆಯನ್ನೂ ಹಾಕಿ, ಆರು ಶುಕ್ರವಾರವಲ್ಲ, ಆರು ತಿಂಗಳ ಶುಕ್ರವಾರಗಳನ್ನು ಕಳೆದುಕೊಂಡ ಮಗ ರಸ್ತೆಯ ಮಧ್ಯದಲ್ಲಿ ನಿಂತ. ತನ್ನ ದಡ್ಡತನಕ್ಕೆ ಅವನಿಗೆ ನಗು ಬಂತು, ಅಳುವೂ ಬಂತು.

"ಆ ಹುಡುಗಿ ಚೆನ್ನಾಗಿ ಮಾತಾಡ್ತಾಳೆ," ಎಂದರು ಶಿವಶಂಕರಪ್ಪ, ಎತ್ತಲೋ ನೋಡುತ್ತ. "ಕೊಪ್ಪ ಎಂತ ದೂರ ಅಲ್ಲ."

*

ಮರುದಿನ ಬೆಳಿಗ್ಗೆ, ಮಳೆಗಾಲವಿಡೀ ಟಾರ್ಪಾಲು ಹೊದ್ದಿದ್ದ ಗೋರಿಗಳನ್ನು ಮತ್ತೆ ಮುಚ್ಚುವ ಕೆಲಸ. ಮೂಳೆ ಮಡಕೆಗಳು ಇಲಾಖೆಯ ವಶಕ್ಕೆ ಹೋಗಿದ್ದವು. ಖಾಲಿ ಕೋಣೆಗಳು ಕುಸಿಯದ ಹಾಗೆ ಒಳಗೆ ಮರಳು ತುಂಬಿ, ಚಪ್ಪಡಿಯನ್ನು ಅದರ ಜಾಗಕ್ಕೇ ಇಡಬೇಕಿತ್ತು. ಅಜ್ಜಿಯ ಚಪ್ಪಡಿ ಕೊನೆಯದು.

ನಿಶ್ಚಿತಾಳೇ ಲೋಟ ತುಂಬಿ ತಂದು ಕಲ್ಲಿನ ಮೇಲಿಟ್ಟಳು. ಕಾಂತೇಶ ಎತ್ತಿದ, ತಿರುಗಿಸಿದ, ಇಳಿಸಿದ. ಕಲ್ಲು ಕಲ್ಲಿನ ಮೇಲೆ ಕೂತ ಸದ್ದೂ ಕೇಳಲಿಲ್ಲ.

ಅವಳು ಬಗ್ಗಿ ಲೋಟ ನೋಡಿದಳು. "ಇವತ್ತು ಒಂದು ಹನಿಯೂ ಚೆಲ್ಲಿಲ್ಲ."

"ಇವತ್ತು ನಾನು ನಿಮ್ಮ ಕಡೆ ನೋಡ್ಲಿಲ್ಲ," ಎಂದ ಅವನು ಇಳಿದು ಬಂದು.

"ನೋಡಬಾರದು ಅಂತಲಾ?"

"ಕಲ್ಲು ಇಳಿಸಿ ಆದ್ಮೇಲೆ ನಿಧಾನ ನೋಡೋಣ ಅಂತ." ನೋಡಿದ. ಎಡಗಣ್ಣಿನ ಕೆಳಗಿನ ಮಚ್ಚೆ ಅಲ್ಲೇ ಇತ್ತು. "ನನ್ನ ರಿಪೋರ್ಟ್ ತಡವಾಯ್ತು. ಲ್ಯಾಬಲ್ಲಿ ತಪ್ಪಾಗಿತ್ತು. ಬೇರೆಯವರ ಬೇಜಾರನ್ನ ನನ್ನದು ಅಂತ ಓದ್ಕೊಂಡಿದ್ದೆ."

"ಈಗ?"

"ಈಗ ಸರಿಯಾಗಿದೆ. ನಾನು ಕೊಪ್ಪಕ್ಕೆ ಬರ್ತೀನಿ. ನಿಮ್ಮನೆಗೆ. ನಿಮ್ಮಮ್ಮ ಒಪ್ಪಿದ್ರೆ, ನೀವು ಒಪ್ಪಿದ್ರೆ. ಊರಿನವರು ಏನಂತ ಕರೆದ್ರೂ ಬರ್ತೀನಿ."

ಅವಳು ಮುಖ ತಿರುಗಿಸಿದಳು. ಹೆಗಲು ಅಲುಗುತ್ತಿತ್ತು. ಕಾಂತೇಶ ಗಾಬರಿಯಾಗಿ ಮುಂದೆ ಬಂದ.

"ಆರು ತಿಂಗಳು," ಎಂದಳು ಕಣ್ಣೊರೆಸಿಕೊಂಡು. "ಪ್ರತಿ ಶುಕ್ರವಾರ ಬಸ್ಸಿಳಿದು ಗ್ರೀಸಿನ ಅಂಗಡಿ ಕಡೆ ನೋಡಿದೀನಿ. ನೀನು ಎಂಥಾ ಮನುಷ್ಯ ಮಾರಾಯ!"

ಮೊದಲ ಸಲ 'ನೀನು' ಅಂದಿದ್ದಳು. ಅವನಿಗೆ ಆ ಒಂದು ಮಾತಿಗೆ ಇನ್ನೂ ಆರು ಗೋರಿಯ ಕಲ್ಲು ಎತ್ತುವ ಶಕ್ತಿ ಬಂತು.

"ಬೈಯೋದು ಆಮೇಲೆ ಬೈಯಿ. ಒಂದು ಕೆಲಸ ಬಾಕಿ ಇದೆ." ಅವನು ಕಿಸೆಯಿಂದ ವಿಭೂತಿ ಗಟ್ಟಿ ತೆಗೆದ. ಲೋಟದ ನೀರಲ್ಲಿ ಬೆರಳದ್ದಿ, ಚಪ್ಪಡಿಯ ಮೇಲೆ ಮೂರು ಗೆರೆ ಎಳೆದ. ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ. "ಹೇಳದೆ ಮುಟ್ಟಿಬಿಟ್ಟೆ."

ನಿಶ್ಚಿತಾ ಅವನನ್ನೇ ನೋಡುತ್ತ ಒಂದು ಗ್ಲೌಸು ಕಳಚಿದಳು. ಅದರ ಒಳಗಿನ ಇನ್ನೊಂದನ್ನೂ ಕಳಚಿದಳು. ಒಂಬತ್ತು ತಿಂಗಳಲ್ಲಿ ಆ ಗುಡ್ಡದ ಯಾವ ಕಲ್ಲನ್ನೂ ಬರಿಗೈಯಲ್ಲಿ ಮುಟ್ಟದವಳು ಅವನ ಅಂಗೈಯಿಂದ ವಿಭೂತಿ ತೆಗೆದುಕೊಂಡು, ಅವನ ಗೆರೆಗಳ ಮೇಲೆ ತನ್ನ ಬೆರಳಿಟ್ಟು ನಿಧಾನ ಎಳೆದಳು.

"ನಿನ್ನದೂ ಅಂಟಿ ಕಂಟಾಮಿನೇಷನ್ ಆಗ್ತದಲ್ಲ?" ಎಂದ ಅವನು.

"ಆಗ್ಲಿ." ಅವಳ ಬೆರಳು ಕಲ್ಲಿನಿಂದ ಅವನ ಕೈಗೆ ಬಂದು ಅಲ್ಲೇ ಉಳಿಯಿತು. "ಇನ್ನು ಮೂರು ಸಾವಿರ ವರ್ಷ ಆದ್ಮೇಲೆ ನನ್ನಂಥವಳು ಯಾರಾದ್ರೂ ಬಂದು ಓದಲಿ. ಇಬ್ಬರದೂ ಒಟ್ಟಿಗೇ ಸಿಗ್ತದೆ. ಯಾರು ಯಾರ ಮನೆಗೆ ಬಂದಿದ್ದು ಅಂತ ಅವಳು ತಲೆ ಕೆಡಿಸ್ಕೊಳ್ಳಲಿ."